ಓಡಿಲಾಳ ಎರಡು ಕಿವಿ

ಅಪಿಸಾಕೊ ಊರಿನ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿ ಮಾರುವ, ಎಲ್ಲರೂ ಮರ್ಯಾದೆಗೆ 'ದೋನ್ಯಾ' ಎನ್ನುವ ಓಡಿಲಾಗೆ ಹೆದರಿಕೆ ಎಂದರೇನೆಂದೇ ಗೊತ್ತಿಲ್ಲ ಎಂದು ಅಕ್ಕಪಕ್ಕದ ಅಂಗಡಿಯವರೆಲ್ಲ ನಂಬಿದ್ದರು. ತಕ್ಕಡಿ ಪರೀಕ್ಷಿಸಲು ಬಂದು ಜೋರು ಮಾಡಿದ ಅಧಿಕಾರಿಯ ಮೂಗಿನ ಕೆಳಗೇ ಖಾರದ ಮೂಟೆ ಕೊಡವಿ, ಅವನು ಸೀನುತ್ತಲೇ ಊರು ಬಿಡುವಂತೆ ಮಾಡಿದ ಹೆಂಗಸು ಅವಳು. ಅಂಥವಳು ಐವತ್ತಾರನೆಯ ವಯಸ್ಸಿನಲ್ಲಿ ಒಂದು ಹಾಳೆಯನ್ನು ನೋಡಿ ಊಟ ಬಿಟ್ಟಳು.

ಹಾಳೆ ಬಂದದ್ದು ಅವಳು ಓದುತ್ತಿದ್ದ ವಯಸ್ಕರ ಸಂಜೆಶಾಲೆಯಿಂದ. ಒಂಬತ್ತನೆಯ ತರಗತಿ ಪಾಸಾದವರು ಪ್ರಮಾಣಪತ್ರಕ್ಕಾಗಿ ಸ್ಟುಡಿಯೋದಲ್ಲಿ ತೆಗೆಸಿದ ಆರು ಫೋಟೋಗಳನ್ನು ಶುಕ್ರವಾರದೊಳಗೆ ಕೊಡಬೇಕು. ಮೊಟ್ಟೆಯಾಕಾರ, ಕಪ್ಪು ಬಿಳುಪು. ಮುಖಕ್ಕೆ ಬಣ್ಣ ಬಳಿದಿರಬಾರದು, ನಗಬಾರದು, ಹಣೆ ಬಯಲಾಗಿರಬೇಕು, ಎರಡೂ ಕಿವಿ ಪೂರ್ತಿ ಕಾಣಬೇಕು. ತಪ್ಪಿದರೆ ಮುಂದಿನ ವರ್ಷದ ಮಾತು.

ಓಡಿಲಾಳ ಕಿವಿಗಳು ತಲೆಗೆ ಅಂಟಿಕೊಂಡು ಬೆಳೆದವಲ್ಲ. ಯಾರೋ ಕೂಗಿ ಕರೆದರೇನೋ ಎಂಬಂತೆ ಎರಡೂ ಕಡೆ ನೆಟ್ಟಗೆ ನಿಂತಿದ್ದವು. ಅಣ್ಣಂದಿರು ಅವಳಿಗೆ ಎರಡು ಹಿಡಿಯ ಮಡಕೆ ಎಂದು ಹೆಸರಿಟ್ಟಿದ್ದರು. ಅವಳಿಗೆ ಹನ್ನೆರಡಾದಾಗ, ಆರನೆಯ ತರಗತಿಯ ಪ್ರಮಾಣಪತ್ರಕ್ಕೆ ಫೋಟೋ ತೆಗೆಯಲು ಸ್ಟುಡಿಯೋದವನು ಶಾಲೆಗೆ ಬಂದ. ಓಡಿಲಾ ಮನೆಯ ಹಿಂದಿನ ಜೋಳದ ಕಣಜದೊಳಗೆ ಇಳಿದು ಕುಳಿತವಳು, ಸಂಜೆಯಾದ ಮೇಲೆ ತಲೆತುಂಬ ಹೊಟ್ಟು ಮಾಡಿಕೊಂಡು ಹೊರಗೆ ಬಂದಳು. ಫೋಟೋ ಇಲ್ಲದ ಪತ್ರಕ್ಕೆ ಮೊಹರು ಬೀಳಲಿಲ್ಲ, ಮೊಹರಿಲ್ಲದವಳನ್ನು ಮುಂದಿನ ಶಾಲೆ ಸೇರಿಸಿಕೊಳ್ಳಲಿಲ್ಲ. ಆಮೇಲೆ ನಲವತ್ತು ವರ್ಷ, ಕೇಳಿದವರಿಗೆಲ್ಲ 'ನಮ್ಮಪ್ಪ ಬಡವ, ಓದಿಸ್ಲಿಲ್ಲ' ಎಂದು ಹೇಳಿಕೊಂಡು ಬಂದಳು. ಪಾಪ, ಆ ಅಪ್ಪ ಮಗಳ ಪುಸ್ತಕಕ್ಕೆಂದೇ ಒಂದು ಹಂದಿ ಮಾರಿದ್ದ. ಓದು ನಿಲ್ಲಿಸಿದ್ದು ಬಡತನವಲ್ಲ, ಕಿವಿ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಅದಕ್ಕಾಗಿ ಅವಳಿಗೆ ನಾಚಿಕೆಯೂ ಇತ್ತು.

ಈಗ ಮೂರು ವರ್ಷ, ದಿನಾ ಸಂಜೆ ಅಂಗಡಿ ಮುಚ್ಚಿದ ಮೇಲೆ ಪಾಠಕ್ಕೆ ಹೋಗಿ, ಬೀಜಗಣಿತದ ಜೊತೆ ಗುದ್ದಾಡಿ ಪಾಸಾಗಿದ್ದಳು. ಕಥೆ ಮತ್ತೆ ಆ ಫೋಟೋಗೇ ಬಂದು ನಿಂತಿತು. 'ಈ ಸಲ ಕಣಜಕ್ಕೆ ಇಳಿಯೋಣ ಅಂದ್ರೆ ಮಂಡಿ ಬಿಡಲ್ವಲ್ಲಪ್ಪ' ಎಂದು ತನಗೇ ಹೇಳಿಕೊಂಡಳು.

ಗುರುವಾರ ಬೆಳಿಗ್ಗೆ, ಎದುರು ಸಾಲಿನಲ್ಲಿ ಕೂದಲು ಕತ್ತರಿಸುವ ಮೆಲ್ವಾಳ ಅಂಗಡಿಗೆ ನುಗ್ಗಿದಳು. ಓಡಿಲಾಳ ಮಗಳ ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿಕೊಂಡು ಧರ್ಮತಾಯಿಯಾದವಳು ಮೆಲ್ವಾ. ಅಂದಿನಿಂದ ಒಬ್ಬರಿಗೊಬ್ಬರು ಕೊಮಾದ್ರೆ.

"ಕೊಮಾದ್ರೆ, ನನ್ನ ಕಿವಿ ಕಾಣ್ಬೇಕು, ಆದ್ರೆ ಕಾಣ್ಬಾರ್ದು. ಏನಾದ್ರೂ ಮಾಡೇ."

"ನಾನು ಕೂದ್ಲು ಕತ್ತರಿಸೋಳಮ್ಮ, ಪವಾಡ ಮಾಡೋ ಸಂತಳಲ್ಲ," ಎಂದಳು ಮೆಲ್ವಾ. ಆಮೇಲೆ ಕೃತಕ ರೆಪ್ಪೆ ಅಂಟಿಸುವ ಗೋಂದಿನ ಟ್ಯೂಬು ತೆಗೆದಳು. "ಮದುವೆ ಹೆಣ್ಣು ರಾತ್ರಿಯಿಡೀ ಕುಣಿದ್ರೂ ಈ ಗೋಂದು ಹಾಕಿದ ರೆಪ್ಪೆ ಬೀಳಲ್ಲ. ನಿನ್ನ ಕಿವಿ ಬೀಳುತ್ತಾ?"

"ಕಿವಿ ಬೀಳೋದಲ್ಲ ಕಣೇ, ಏಳೋದೇ ನನ್ನ ಕಷ್ಟ."

ಮೆಲ್ವಾ ಎರಡೂ ಕಿವಿಗಳನ್ನು ತಲೆಗೆ ಒತ್ತಿ ಅಂಟಿಸಿದಳು. ಕನ್ನಡಿಯಲ್ಲಿ ಓಡಿಲಾಗೆ ತನ್ನ ತಲೆ ಸಿಪ್ಪೆ ಸುಲಿದ ಮೊಟ್ಟೆಯ ಹಾಗೆ ಕಂಡಿತು. ಆದರೂ ಖುಷಿಯಾಯಿತು. ತುಂಬಿದ ಕೊಡ ಹೊತ್ತವಳಂತೆ ಕತ್ತು ಅಲುಗಿಸದೆ, ರೈಲು ಹಳಿಯ ಪಕ್ಕದ ದೋನ್ ಕೂಕೊನ ಸ್ಟುಡಿಯೋಗೆ ನಡೆದಳು.

ದೋನ್ ಕೂಕೊಗೆ ಎಪ್ಪತ್ತು ವರ್ಷ. ಒದ್ದೆ ಬಟ್ಟೆ ಕೊಟ್ಟು ತುಟಿಯ ಬಣ್ಣ ಒರೆಸಿಕೊಳ್ಳುವಂತೆ ಮಾಡಿದ, ಒಂದು ಕಪ್ಪು ಕೋಟು ತೊಡಿಸಿದ. ಕೋಟು ದೊಗಳೆಯಾಗಿತ್ತು. ಬೆನ್ನ ಹಿಂದೆ ಬಟ್ಟೆಯನ್ನು ಮಡಚಿ ಹಿಡಿದು, ಒಗೆದ ಬಟ್ಟೆಗೆ ಸಿಕ್ಕಿಸುವ ನಾಲ್ಕು ಮರದ ಕ್ಲಿಪ್ಪು ಹಾಕಿದ. ಮುಂದಿನಿಂದ ನೋಡಿದರೆ ನ್ಯಾಯಾಧೀಶೆ, ಹಿಂದಿನಿಂದ ನೋಡಿದರೆ ಬಟ್ಟೆ ಒಣಗಿಸುವ ಹಗ್ಗ.

"ಉಸಿರಾಡಿ ದೋನ್ಯಾ. ನಾನು ತೆಗೀತಿರೋದು ಫೋಟೋ, ಹಲ್ಲಲ್ಲ."

ಓಡಿಲಾ ಉಸಿರಾಡಲು ನೋಡಿದಳು. ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡಳು. ದೀಪಗಳ ಕಾವಿಗೆ ಬೆವರು ಕಿವಿಯ ಹಿಂದೆ ಇಳಿಯತೊಡಗಿತು. ಅವನು ಕ್ಯಾಮೆರಾಗೆ ಕಣ್ಣಿಟ್ಟು "ಅಲುಗಾಡ್ಬೇಡಿ" ಎನ್ನುವಷ್ಟರಲ್ಲಿ ಟಪ್ ಎಂದು ಬಲಗಿವಿ ಎದ್ದು ನಿಂತಿತು.

ದೋನ್ ಕೂಕೊ ತಲೆ ಎತ್ತಿದ. "ಒಂದು ಬಂತು. ಇನ್ನೊಂದು ಯಾವಾಗ ಬರುತ್ತೆ?"

ಓಡಿಲಾ ಎದ್ದೇಬಿಟ್ಟಳು. ಕೋಟು ಬಿಚ್ಚುವುದಕ್ಕೂ ನಿಲ್ಲದೆ ಬಾಗಿಲಿಗೆ ಓಡಿದಳು. ಬಾಗಿಲ ಪಕ್ಕದ ಗೋಡೆಯ ಮೇಲೆ ಊರಿನ ಓದಿದವರೆಲ್ಲ ಮೊಟ್ಟೆಯಾಕಾರದಲ್ಲಿ ಸಾಲಾಗಿ ಕುಳಿತಿದ್ದರು. ವಕೀಲ, ನರ್ಸು, ಲೆಕ್ಕಿಗ. ಮೂರನೆಯ ಸಾಲಿನಲ್ಲಿ ಹಲ್ಲಿನ ಡಾಕ್ಟರು ಲೆಸಾಮಾ. ಅವಳ ಅಂಗಡಿಯ ಮೆಣಸಿನಕಾಯಿಯನ್ನು ಎರಡು ಬೆರಳಿನ ತುದಿಯಲ್ಲಿ ಎತ್ತಿ ನೋಡುವ, ಒಂದು ದಿನವೂ ನಮಸ್ಕಾರ ಎನ್ನದ ಮಹಾಶಯ. ಅವನ ಕೋಟಿನ ಎರಡನೆಯ ಗುಂಡಿ ಉಳಿದವುಗಳಂತಿರದೆ ಬಿಳಿಯದಾಗಿತ್ತು. ವಕೀಲನದ್ದೂ ಬಿಳಿ, ನರ್ಸಿನದ್ದೂ ಬಿಳಿ. ಓಡಿಲಾ ಬಗ್ಗಿ ತನ್ನ ಎದೆ ನೋಡಿಕೊಂಡಳು.

"ದೋನ್ ಕೂಕೊ, ಎಲ್ರಿಗೂ ಇದೇ ಕೋಟಾ?"

"ಮೂವತ್ತು ವರ್ಷದಿಂದ ಇದೇ. ಗಂಡಸಿಗೂ ಇದೇ, ಹೆಂಗಸಿಗೂ ಇದೇ."

"ಈ ಹಲ್ಲಿನ ಡಾಕ್ಟ್ರಿಗೂ ಬೆನ್ನಲ್ಲಿ ಕ್ಲಿಪ್ಪಾ?"

"ನಿಮ್ಗೆ ನಾಲ್ಕು, ಅವ್ರಿಗೆ ಒಂಬತ್ತು. ಆಗ ಕಡ್ಡಿ ಹಾಗಿದ್ರು. ಕೈ ನಡುಗುತ್ತೆ ಅಂತ ತೊಡೆ ಕೆಳಗಿಟ್ಕೊಂಡು ಕೂತಿದ್ರು."

ಓಡಿಲಾ ಬಾಗಿಲು ಹಿಡಿದುಕೊಂಡು ನಕ್ಕಳು. ಬೆನ್ನಿನ ಒಂದು ಕ್ಲಿಪ್ಪು ಹಾರಿ ಬೀಳುವವರೆಗೂ ನಕ್ಕಳು. ಆಮೇಲೆ ತಾನೇ ಬಂದು ಕುಳಿತು, ಒದ್ದೆ ಬಟ್ಟೆ ತೆಗೆದುಕೊಂಡು ಎಡಗಿವಿಯನ್ನೂ ಬಿಡಿಸಿದಳು. "ಇದೂ ಬರ್ಲಿ. ಅದೊಂದೇ ಯಾಕೆ ಒಂಟಿಯಾಗಿರ್ಬೇಕು?"

ಈಗ ಬೇರೆ ತೊಂದರೆ ಶುರುವಾಯಿತು. ನಗು ನಿಲ್ಲಲೊಲ್ಲದು.

"ನಗೋ ಹಾಗಿಲ್ಲ ದೋನ್ಯಾ, ಕಚೇರಿಯವ್ರು ವಾಪಸ್ ಕಳಿಸ್ತಾರೆ. ಅತ್ತೇನ ನೆನೆಸ್ಕೊಳ್ಳಿ."

ನೆನೆಸಿಕೊಂಡಳು. ಅತ್ತೆಯ ಮೀಸೆ ನೆನಪಾಗಿ ನಗು ಇಮ್ಮಡಿಯಾಯಿತು. ಕೊನೆಗೆ ಕಣಜದ ಕತ್ತಲಲ್ಲಿ ಮಂಡಿಗೆ ಗಲ್ಲ ಕೊಟ್ಟು ಕುಳಿತ ಹುಡುಗಿ ನೆನಪಾದಳು. ಹೊರಗೆ ಅಪ್ಪ ಹೆಸರು ಹಿಡಿದು ಕೂಗುತ್ತಿದ್ದ, ಆ ದೊಡ್ಡ ಕಿವಿಗಳಿಗೆ ಎಲ್ಲವೂ ಕೇಳಿಸುತ್ತಿತ್ತು. ಆ ಹುಡುಗಿಯ ಮೇಲೆ ಓಡಿಲಾಗೆ ಮೊದಲ ಬಾರಿ ಕನಿಕರ ಹುಟ್ಟಿತು. ಮುಖ ತಾನಾಗಿಯೇ ಗಂಭೀರವಾಯಿತು. ದೋನ್ ಕೂಕೊ ಗುಂಡಿ ಒತ್ತಿದ.

"ಬೇಕಾದ್ರೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಕಿವಿ ಸ್ವಲ್ಪ ಒಳಗೆ ಹಾಕಿಕೊಡ್ಲಾ? ಬಹಳ ಜನ ಮಾಡಿಸ್ಕೊಳ್ತಾರೆ."

"ಬೇಡ. ಒಳಗೆ ಬೇಕಾದಷ್ಟು ದಿನ ಇದ್ವು."

ಮೂರು ವಾರದ ನಂತರ ಪ್ರಮಾಣಪತ್ರ ಪಡೆಯಲು ಕಚೇರಿಗೆ ಹೋದಳು. ಗುಮಾಸ್ತೆ ಅವಳ ಎದುರಿಗೇ ಫೋಟೋ ಅಂಟಿಸಿದಳು. ಮೊಹರನ್ನು ಶಾಯಿಗೆ ಒತ್ತಿ, ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬೀಳುವಂತೆ ಮುಖದ ಪಕ್ಕಕ್ಕೇ ತಂದಳು.

"ನಿಲ್ಲಮ್ಮ, ನಿಲ್ಲು!" ಓಡಿಲಾ ಅವಳ ಮಣಿಕಟ್ಟು ಹಿಡಿದಳು. "ಅಲ್ಲಿ ಬೇಡ, ಅಲ್ಲಿ ಕಿವಿ ಇದೆ."

"ಮೊಹರು ಫೋಟೋ ಮೇಲೆ ಬೀಳ್ಲೇಬೇಕಲ್ಲ ದೋನ್ಯಾ. ಮತ್ತೆಲ್ಲಿ ಒತ್ತಲಿ?"

"ಕೋಟಿನ ಮೇಲೆ ಒತ್ತು. ಅದು ನನ್ನದಲ್ಲ."