ಹಳೆ ಹೆಸರಿನ ಶೀನಣ್ಣ

ಶೀನಣ್ಣ ಒಂದೆಡೆ ನಿಂತದ್ದನ್ನು ನಾನು ಕಂಡದ್ದೇ ಕಡಿಮೆ. ವಾಶಿಯ ನಮ್ಮ ಮಾಲ್‌ನ ಮೂರೂ ಮಹಡಿಗಳನ್ನು ಬೆಳಗಿನಿಂದ ಸಂಜೆಯವರೆಗೆ ಸುತ್ತುತ್ತಲೇ ಇರುತ್ತಿದ್ದರು. ಹೋಗುತ್ತಾ ಪ್ರತಿ ಅಂಗಡಿಯ ಶಟರನ್ನು ಅಂಗೈಯಿಂದ ಒಮ್ಮೆ ತಟ್ಟಬೇಕು, ಇಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ. ಕಾರ್ಕಳದ ಕಡೆಯವರು, ಮಾಲ್ ತೆರೆದ ದಿನದಿಂದ ಅಲ್ಲಿನ ಸೆಕ್ಯುರಿಟಿ ಸೂಪರ್‌ವೈಸರ್. ಸೀರೆಗೆ ಒಪ್ಪುವ ಬ್ಲೌಸ್ ಪೀಸ್, ಫಾಲ್ ಮಾರುವ ಮ್ಯಾಚಿಂಗ್ ಸೆಂಟರ್ ನನ್ನದು, ಮೊದಲ ಮಹಡಿಯಲ್ಲಿ. ಕೂತು ಚಹಾ ಕುಡಿಯಿರಿ ಎಂದರೆ ಒಂದು ಕಾಲನ್ನು ಹೊಸ್ತಿಲಾಚೆಗಿಟ್ಟುಕೊಂಡೇ ಕುಡಿಯುತ್ತಿದ್ದರು. ಬಿಜಾಪುರದವಳಾದ ನನಗೆ ಅವರ ಅವಸರ ನೋಡಿಯೇ ಸುಸ್ತಾಗುತ್ತಿತ್ತು.

ನಮ್ಮ ಅಂಗಡಿಗಳೂ ಅವರಂತೆಯೇ, ನಿಂತಲ್ಲಿ ನಿಲ್ಲಲಿಲ್ಲ. ಬೂಟಿನಂಗಡಿ ಹೋಗಿ ಬ್ಯೂಟಿ ಪಾರ್ಲರ್ ಬಂತು, ಅದೂ ಹೋಗಿ ಹಲ್ಲಿನ ಡಾಕ್ಟರು ಬಂದರು. ಆಟಿಕೆ ಅಂಗಡಿಯ ಜಾಗದಲ್ಲಿ ಕೋಚಿಂಗ್ ಕ್ಲಾಸ್ ಶುರುವಾಯಿತು. ಶೀನಣ್ಣನ ಬಾಯಲ್ಲಿ ಮಾತ್ರ ಎಲ್ಲವೂ ಮೊದಲ ದಿನದ ಹೆಸರೇ. ಹಲ್ಲುನೋವಿನವರನ್ನು ಬೂಟಿನಂಗಡಿಗೆ ಕಳಿಸುತ್ತಿದ್ದರು.

"ಮೊದಲು ಬಂದವ ಮನೆಯವ ಅಕ್ಕ, ಉಳಿದವ್ರೆಲ್ಲ ನೆಂಟ್ರು."

ನಾವು ನಗುತ್ತಿದ್ದೆವು. ನಗಬಾರದಿತ್ತು.

ಒಂದು ಮಧ್ಯಾಹ್ನ ಕೋಚಿಂಗ್ ಕ್ಲಾಸಿನ ಎಸಿಯಿಂದ ಹೊಗೆ ಬಂತು. ಶೀನಣ್ಣ ವಾಕಿಟಾಕಿಯಲ್ಲಿ, ಟಾಯ್ ಶಾಪಿನಲ್ಲಿ ಹೊಗೆ ಎಂದು ಕೂಗಿದರು. ಗಾರ್ಡುಗಳು ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಮೂರನೇ ಮಹಡಿಗೆ ಓಡಿದರು. ಅಲ್ಲೊಂದು ಹೊಸ ಆಟಿಕೆ ಅಂಗಡಿ ತೆರೆದಿತ್ತು. ಇತ್ತ ಹೊಗೆಯೊಳಗೆ ಮಕ್ಕಳು ಕೆಮ್ಮುತ್ತಿದ್ದರು. ಕೊನೆಗೆ ಶೀನಣ್ಣನೇ ನುಗ್ಗಿ ಒಬ್ಬೊಬ್ಬರನ್ನಾಗಿ ಹೊರಗೆ ತಂದರು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಆದರೆ ವಾರದೊಳಗೆ ಎಲ್ಲ ಹೊಸ ಹೆಸರುಗಳನ್ನು ಒಪ್ಪಿಸದಿದ್ದರೆ ಕೆಲಸವಿಲ್ಲ ಎಂದು ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿದರು.

ಅಂದು ಶೀನಣ್ಣ ಮೊದಲ ಬಾರಿ ನನ್ನ ಅಂಗಡಿಯಲ್ಲಿ ಕೂತರು.

"ಮಕ್ಕಳಿಗೆ ಏನಾದ್ರೂ ಆಗಿದ್ರೆ ನಾನು ಯಾವ ಬಾಯಲ್ಲಿ ಊಟ ಮಾಡುದು ಅಕ್ಕ?"

ಬ್ಲೌಸ್ ಪೀಸ್ ಸುತ್ತಿ ಬರುವ ರಟ್ಟಿನ ಮೇಲೆ ಹೆಸರುಗಳನ್ನೆಲ್ಲ ಬರೆದುಕೊಟ್ಟೆ. ವಾರವಿಡೀ ಮಗ್ಗಿಯಂತೆ ಬಾಯಿಪಾಠ ಮಾಡಿದರು. ಶಟರ್ ತಟ್ಟುವುದು, ಹೊಸ ಹೆಸರು ಹೇಳುವುದು, ಮುಂದೆ ಹೋಗುವುದು. ತಪ್ಪಿದರೆ ಹಿಂದೆ ಬಂದು ಮತ್ತೆ ತಟ್ಟುವುದು. ಕೆಲಸ ಉಳಿಯಿತು.

ಮರುವರ್ಷ ನನ್ನ ಸರದಿ ಬಂತು. ಗಿರಾಕಿಗಳಲ್ಲಿ ಕೆಲವರು ಪಕ್ಕದ ಠಾಣೆ ಊರಿನ ದೊಡ್ಡ ಮಾಲ್‌ಗಳ ಪಾಲಾದರು, ಉಳಿದವರು ಮೊಬೈಲಿನ ಪಾಲಾದರು. ಬೋರ್ಡು ಇಳಿಸುವ ದಿನ, ಮನಸ್ಸು ಹಗುರ ಮಾಡಿಕೊಳ್ಳಲೆಂದು ಶೀನಣ್ಣನನ್ನು ಕೆಣಕಿದೆ.

"ಇನ್ನ ಇದು ಮೊಬೈಲ್ ಕವರಿನ ಅಂಗಡಿರೀ ಅಣ್ಣಾ. ರಟ್ಟಿನಾಗ ಬರಕೊಳ್ರಿ."

ಅವರು ಅಲುಗಾಡದೆ ನಿಂತುಬಿಟ್ಟರು.

"ಇದೊಂದು ನನ್ನಿಂದ ಆಗುದಿಲ್ಲ ಅಕ್ಕ."

ಅಷ್ಟೇ ಹೇಳಿ ಹೊರಟುಹೋದರು. ಅದೇ ನಮ್ಮ ಕೊನೆಯ ಮಾತು.

ಮೊನ್ನೆ ಹಲ್ಲು ತೋರಿಸಲು ಅಲ್ಲಿಗೆ ಹೋಗಿದ್ದೆ. ಶೀನಣ್ಣ ಮಳೆಗಾಲದಲ್ಲಿ ಕಾಮೋಠೆಯ ಮಗಳ ಮನೆಯಲ್ಲಿ ತೀರಿಕೊಂಡರೆಂದು ಡಾಕ್ಟರು ಹೇಳಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಷ್ಟರಲ್ಲಿ ಅವರ ಜಾಗಕ್ಕೆ ಬಂದಿದ್ದ ಗಾರ್ಡ್ ಹೆಂಗಸು ನೀರು ಚೆಲ್ಲಿದೆಯೆಂದು ವಾಕಿಟಾಕಿಯಲ್ಲಿ ಕಸಗುಡಿಸುವವರನ್ನು ಕರೆದಳು.

"ಮ್ಯಾಚಿಂಗ್ ಸೆಂಟರ್ ಕೆ ಸಾಮ್ನೆ ಪಾನೀ ಗಿರಾ ಹೈ."

ಅದೆಲ್ಲಿದೆ ಎಂದು ಕೇಳಿದೆ. ಮೊಬೈಲ್ ಕವರಿನ ಅಂಗಡಿಯತ್ತ ಕೈ ತೋರಿಸಿದಳು. ಯಾಕೆ ಹಾಗನ್ನುತ್ತಾರೋ ಅವಳಿಗೂ ಗೊತ್ತಿಲ್ಲ, ಶೀನಣ್ಣ ಹಾಗೇ ಕಲಿಸಿದ್ದರಂತೆ.

ಆ ಹೊಗೆಯ ದಿನ ಕಂಡವಳು ನಾನು. ಹೆಸರು ತಿದ್ದಿಕೊಳ್ಳಮ್ಮ ಎಂದು ಹೇಳಬೇಕಿತ್ತು. ಹೇಳಲಿಲ್ಲ.