ಸನ್ಮಾನದ ಶಾಲು

ಭದ್ರಾವತಿಯಲ್ಲಿ ನೆಂಟರ ಮನೆಯ ನಾಮಕರಣದ ಊಟಕ್ಕೆ ಕುಳಿತಿದ್ದಾಗ ಕೊಬ್ಬರಿ ಚೂರು ಗಂಟಲಿಗೆ ಸಿಕ್ಕಿ ನನ್ನ ನಾಲ್ಕು ವರ್ಷದ ಮಗಳ ಮುಖ ನೀಲಿಗಟ್ಟಿತು. ಅಳಲು ಬಾಯಿ ತೆರೆದಳು; ದನಿಯೇ ಬರಲಿಲ್ಲ. ನನ್ನ ಭಾವ ಎಲೆ ದಾಟಿ ಹಾರಿ ಬಂದು, ಹಿಂದಿನಿಂದ ತಬ್ಬಿ, ಎರಡೂ ಕೈಗಳಿಂದ ಅವಳ ಹೊಟ್ಟೆಯನ್ನು ಜೋರಾಗಿ ಒತ್ತಿ ಒತ್ತಿ ಎತ್ತಿದರು. ಕಾರ್ಖಾನೆಯ ಸುರಕ್ಷತಾ ತರಬೇತಿಯಲ್ಲಿ ಕಲಿತ ವಿದ್ಯೆ; ಅಲ್ಲಿ ಅಭ್ಯಾಸಕ್ಕೆ ಸಿಕ್ಕಿದ್ದು ಮಾತ್ರ ಎಂಬತ್ತು ಕೆಜಿಯ ಫಿಟ್ಟರ್. ಚೂರು ಹಾರಿ ಯಾರದೋ ಪಾಯಸಕ್ಕೆ ಬಿತ್ತು. ಮಗಳು ಅತ್ತಳು. ಪುರೋಹಿತರಿಗೆಂದು ತಂದಿದ್ದ ಶಾಲನ್ನು ಸಭೆ ಭಾವನಿಗೆ ಹೊದಿಸಿ ಧನ್ಯವಾಯಿತು.

ಸಂಜೆಯ ಹೊತ್ತಿಗೆ ಮಗಳು ಹೊಟ್ಟೆ ಹಿಡಿದು ಮುದುರಿಕೊಂಡಳು. ಮೈ ತಣ್ಣಗಾಗಿ ತುಟಿ ಬಿಳಿಚಿತು. ಅದೇ ಶಾಲಿನಲ್ಲಿ ಸುತ್ತಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ಭಾವನದು ಒಂದೇ ಮಾತು: "ಮಾತಾಡಿಸ್ತಾ ಇರು ಮಾರಾಯ, ಕಣ್ಣು ಮುಚ್ಚೋಕೆ ಬಿಡ್ಬೇಡ."

ಸ್ಕ್ಯಾನ್ ನೋಡಿದ ಡಾಕ್ಟರು, "ಲಿವರ್‌ಗೆ ಪೆಟ್ಟಾಗಿ ಒಳಗೆ ರಕ್ತ ಸೋರ್ತಿದೆ. ಹೊಟ್ಟೆ ಒತ್ತಿದ್ದು ಯಾರು?" ಎಂದರು. ಮಧ್ಯಾಹ್ನ ಭಾವನನ್ನು ಹೊಗಳಲು ಪೈಪೋಟಿಗಿಳಿದು, ಈಗ ಆಸ್ಪತ್ರೆಗೂ ಹಿಂದೆಯೇ ಬಂದಿದ್ದ ನೆಂಟರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

"ನಾನೇ ಸಾರ್," ಎಂದರು ಭಾವ.

"ಒತ್ತದಿದ್ರೆ ಮಗು ಅಲ್ಲೇ ಹೋಗ್ಬಿಡ್ತಿತ್ತು. ಆದ್ರೆ ಒತ್ತಿದ ತಕ್ಷಣ ತಂದು ತೋರಿಸ್ಬಾರ್ದಿತ್ತೇನ್ರೀ?"

ರಕ್ತ ತಾನಾಗಿ ನಿಂತಿತು, ಮಗಳು ಉಳಿದಳು. ಶಾಲು ನಮ್ಮ ಬೀರುವಿನಲ್ಲೇ ಇದೆ; ಮರಳಿಸಲು ನನಗೂ, ಕೇಳಲು ಭಾವನಿಗೂ ಧೈರ್ಯವಿಲ್ಲ. ಊಟದ ಪಂಕ್ತಿಯಲ್ಲಿ ಅವಳು ಕೆಮ್ಮಿದರೆ ಇಂದಿಗೂ ನಾವಿಬ್ಬರೂ ಎದ್ದು ನಿಲ್ಲುತ್ತೇವೆ. ಭಾವ ಮಾತ್ರ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಿರುತ್ತಾರೆ.