ಮಾಸ್ಟರ ಬಲಗಾಲು

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವರು ಮಾಸ್ಟರು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದು ಕಸುಬು. ಅಕ್ಕಪಕ್ಕದ ಅಂಗಡಿಯವರು ಮೆಷಿನ್ನಿಗೆ ಮೋಟಾರು ಹಾಕಿಸಿಕೊಂಡರೂ ಮಾಸ್ಟರು ಮಾತ್ರ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಪೆಡಲು ತುಳಿಯುತ್ತಿದ್ದರು. ಕಾಲರಿನ ದಪ್ಪ ಮಡಿಕೆಗೆ ಸೂಜಿ ಬಂತೆಂದರೆ ಅದು ಮೊದಲು ಗೊತ್ತಾಗುತ್ತಿದ್ದದ್ದು ಅಂಗಾಲಿಗೆ, ಆಮೇಲೆ ಕಣ್ಣಿಗೆ.

ಸಕ್ಕರೆ ಕಾಯಿಲೆ ಅಂಟಿಕೊಂಡು ಹನ್ನೊಂದು ವರ್ಷವಾಗಿತ್ತು. ಇನ್ಸುಲಿನ್ ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ಉಣ್ಣಬೇಕು. ಉಣ್ಣಲು ಪುರುಸೊತ್ತಿಲ್ಲವೆಂದು ಅವರು ಚುಚ್ಚಿಕೊಳ್ಳುವುದನ್ನೇ ಬಿಡುತ್ತಿದ್ದರು. ಶಾಲೆ ಶುರುವಾಗುವ ತಿಂಗಳಲ್ಲಂತೂ ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಮನೆಗೆ ವಾಪಸು ಬರುತ್ತಿತ್ತು.

“ಡಬ್ಬಿಗೆ ಅಂಗಡಿ ತೋರಿಸೋಕೆ ಕರ್ಕೊಂಡು ಹೋಗಿದ್ರಾ?” ಎಂದು ಹೆಂಡತಿ ಕೇಳುವಳು.

“ಇನ್ನೊಂದು ಕಾಲರು, ಇನ್ನೊಂದು ಕಾಲರು ಅಂತಾನೇ ಸಂಜೆ ಆಗೋಯ್ತು ಕಣೇ.”

ಒಂದು ಬೆಳಿಗ್ಗೆ ಅವರು ಬಚ್ಚಲಿಗೆ ಹೋಗುವಾಗ ನೆಲದ ಮೇಲೆ ಟಿಕ್ ಟಿಕ್ ಎಂದು ಸದ್ದಾಯಿತು.

“ರೀ, ಚಪ್ಪಲಿ ಮೊಳೆ ಎದ್ದಿದೆ ನೋಡ್ರಿ.”

“ನಾನೆಲ್ಲಿ ಚಪ್ಪಲಿ ಹಾಕಿದ್ದೀನಿ?”

ಅವಳು ಅವರನ್ನು ಕೂರಿಸಿ ಬಲಗಾಲು ಎತ್ತಿ ನೋಡಿದಳು. ಹೆಬ್ಬೆರಳಿನ ಬುಡದಲ್ಲಿ ಗುಂಡುಸೂಜಿ ತಲೆಮಟ್ಟ ಇಳಿದಿತ್ತು. ಸುತ್ತಲೂ ಕಪ್ಪಗಾಗಿತ್ತು. ಎಷ್ಟು ದಿನದ್ದೋ ಏನೋ. ಮಾಸ್ಟರು ಜೀವದ ಗೆಳೆಯನೇ ಕೈಕೊಟ್ಟಂತೆ ಆ ಕಾಲನ್ನೇ ನೋಡುತ್ತ ಕುಳಿತರು.

ಡಾಕ್ಟರಮ್ಮ ಸೂಜಿ ತೆಗೆದು, ಗಾಯ ತೊಳೆದು ಕಟ್ಟು ಹಾಕಿದರು. “ಶುಗರ್‌ಗೆ ನರ ಸತ್ತು ಅಂಗಾಲಿಗೆ ಸ್ಪರ್ಶಾನೇ ಇಲ್ಲ. ಎಂಟು ವಾರ ಈ ಕಾಲು ಊರ್ಲೇಬೇಡಿ. ಹೊತ್ತಿಗೆ ಸರಿಯಾಗಿ ಇನ್ಸುಲಿನ್, ಊಟ. ಶುಗರ್ ಇಳೀಲಿಲ್ಲ ಅಂದ್ರೆ ಬೆರಳು ತೆಗೀಬೇಕಾಗುತ್ತೆ.”

“ಕಾಲಿಗೆ ಮೊದಲಿನ ಥರ ಗೊತ್ತಾಗುತ್ತಾ ಅಮ್ಮಾ?”

“ಅದು ಹೇಳೋಕಾಗಲ್ಲ. ಮೊದಲು ಬೆರಳು ಉಳಿಸ್ಕೊಳ್ಳೋಣ.”

ಮೆಷಿನ್ನು ಮನೆಗೆ ಬಂತು. ಇನ್ನೂ ಮುನ್ನೂರು ಅಂಗಿ ಬಾಕಿ. ಮಾಸ್ಟರು ಎಡಗಾಲಲ್ಲಿ ತುಳಿಯಲು ಹೋದರೆ ಚಕ್ರ ಹಿಂದಕ್ಕೆ ತಿರುಗಿ ದಾರ ಕಿತ್ತುಕೊಂಡಿತು. ಮೂರನೆಯ ಸಲ ದಾರ ಕಿತ್ತುಹೋದಾಗ ಹೆಂಡತಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತು ತನ್ನ ಕಾಲನ್ನು ಪೆಡಲಿನ ಮೇಲಿಟ್ಟಳು.

“ಕೈ ನಿಮ್ದು, ಕಾಲು ನಂದು. ಆದ್ರೆ ಒಂದು ಗಂಟೆಗೆ ನನ್ನ ಕಾಲು ಊಟಕ್ಕೆ ಹೋಗುತ್ತೆ. ನೀವು ಇನ್ಸುಲಿನ್ ತಗೊಂಡು ಉಣ್ಣಲಿಲ್ಲ ಅಂದ್ರೆ ವಾಪಸ್ ಬರಲ್ಲ.”

“ಮುಷ್ಕರಾನಾ?”

“ಹೂಂ. ಮಾತುಕತೆ ಇಲ್ಲ.”

ಹೀಗೆ ಆ ಮನೆಯಲ್ಲಿ ಹನ್ನೊಂದು ವರ್ಷದಲ್ಲಿ ಆಗದ್ದು ಆಯಿತು. ದಿನವೂ ಹೊತ್ತಿಗೆ ಸರಿಯಾಗಿ ಎರಡು ತಟ್ಟೆ ಬಿದ್ದವು. ಶುಗರ್ ಇಳಿಯುತ್ತ ಬಂತು, ಗಾಯ ಒಣಗಿತು, ಬೆರಳು ಉಳಿಯಿತು. ಆದರೆ ಮಾಸ್ಟರು ಸ್ನಾನವಾದ ಮೇಲೆ ದಾರದ ತುದಿಯಿಂದ ಅಂಗಾಲನ್ನು ಸವರಿ ಸವರಿ ನೋಡಿಕೊಳ್ಳುವರು. ಏನೂ ಗೊತ್ತಾಗುತ್ತಿರಲಿಲ್ಲ.

ಕೊನೆಯ ಅಂಗಿಯ ಕಾಲರು ಹೊಲಿಯುವಾಗ ಸೂಜಿ ದಪ್ಪ ಮಡಿಕೆ ದಾಟಿದ್ದೇ ಅವರ ಕೈ ನಿಂತಿತು.

“ಈಗ ನಿನ್ನ ಕಾಲಿಗೆ ಏನನ್ನಿಸ್ತು?”

ಅವಳು ಯೋಚಿಸಿದಳು. “ಸ್ವಲ್ಪ ಭಾರ ಆಯ್ತು. ಯಾರೋ ಕೆಳಗಿಂದ ಮೆಲ್ಲಗೆ ತಡೆದ ಹಾಗೆ.”

“ಆಮೇಲೆ?”

“ಆಮೇಲೆ ಹೋಗ್ಲಿ ಪಾಪ ಅಂತ ಬಿಟ್ಬಿಡ್ತು.”

ಮಾಸ್ಟರು ಬಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿಕೊಂಡರು. “ಇನ್ನೊಂದ್ಸಲ. ನಿಧಾನಕ್ಕೆ. ಹೇಳ್ತಾ ಹೇಳ್ತಾ ತುಳಿ.”